ಹಲ್ಲು ಹಲ್ಲು ಅಕ್ಕೋರು

ಸುಜಾತಾ ಅಕ್ಕೋರು ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೆ ತುಸು ಮೊದಲು ಅವರ ಮುಂದಿನ ಎರಡು ಹಲ್ಲುಗಳು ಕಾಣಿಸಿಕೊಳ್ಳುತ್ತಿದ್ದವು. ಇದು ನನ್ನ ಕುಚೋದ್ಯವಲ್ಲ, ಅವರದೇ ಮಾತು. "ನಾ ಬರೂಕಿಂತ ಮೊದಲ ನನ್ನ ಹಲ್ಲು ಬಂದು ಹಾಜರಿ ಹಾಕ್ತಾವ ನೋಡ್ರಿ" ಎಂದು ಹೇಳಿ, ಆ ಹಲ್ಲುಗಳು ಇನ್ನಷ್ಟು ಕಾಣುವಂತೆ ನಗುತ್ತಿದ್ದರು. ಉಬ್ಬುಹಲ್ಲಿನ ಹೆಂಗಸರು ನಗುವಾಗ ಸೆರಗನ್ನೋ ಬೆರಳನ್ನೋ ಬಾಯಿಗೆ ಅಡ್ಡ ತರುವುದನ್ನು ನೋಡಿದ್ದೇನೆ. ನನ್ನ ಚಿಕ್ಕಮ್ಮನಿಗೆ ಆ ಅಭ್ಯಾಸವಿತ್ತು. ಅವಳ ಮದುವೆಯ ಫೋಟೋದಲ್ಲೂ ಕೈ ಬಾಯಿಯ ಮೇಲಿದೆ. ಅಕ್ಕೋರ ಕೈ ಮಾತ್ರ ಎಂದೂ ಆ ದಾರಿ ಹಿಡಿದದ್ದಿಲ್ಲ. ಅವರ ಕೈಗೆ ಬೇರೆ ಕೆಲಸಗಳಿದ್ದವು. ಒಂದರಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ನೀಲಿ ಕೊಡೆ. ಆ ಕೊಡೆ ಮಳೆಗಾಗಲಿ ಬಿಸಿಲಿಗಾಗಲಿ ಬಿಚ್ಚಿದ್ದನ್ನು ನಾನು ನೋಡಲಿಲ್ಲ. ಅದು ಕರಿಹಲಗೆಯ ಮೇಲಿನ ಅಕ್ಷರ ತೋರಿಸುವ ಕೋಲು.

ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ನನ್ನ ಅಡುಗೆಮನೆಯ ಕಿಟಕಿಗೂ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಏಳನೇ ತರಗತಿಯ ಕಿಟಕಿಗೂ ನಡುವೆ ಇದ್ದದ್ದು ಒಂದು ಕಲ್ಲಿನ ಗೋಡೆ, ಒಂದು ಬೇವಿನ ಮರ. ನಮ್ಮವರು ಸಿಗ್ನಲ್ ವಿಭಾಗದವರು. ಮದುವೆಯಾಗಿ ಧಾರವಾಡದಿಂದ ಬಂದ ಹೊಸತರಲ್ಲಿ ಅವರು ಡ್ಯೂಟಿಗೆ ಹೋದಮೇಲೆ ನನಗೆ ಜೊತೆಯೆಂದರೆ ಆ ಕಿಟಕಿಯಿಂದ ಬರುವ ಸದ್ದು. ದಿನಾ ಬೆಳಗಿನ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಅಲ್ಲಿ ಯಾವುದೋ ಮಗು ಎದ್ದು ನಿಂತು ಪಾಠ ಓದುತ್ತಿತ್ತು. ಓದುತ್ತ ಓದುತ್ತ ಎಡವುತ್ತಿತ್ತು. ಅದು ಎಡವಿದ ಕೂಡಲೇ ಇಡೀ ತರಗತಿ ಒಂದೇ ದನಿಯಲ್ಲಿ ಕೂಗುತ್ತಿತ್ತು: "ಹಲ್ಲು ಹಲ್ಲು!"

ನನಗೆ ಬಹಳ ಕೆಡುಕೆನಿಸಿತು. ಎದುರಿಗೇ ನಿಂತ ಗುರುಗಳ ಹಲ್ಲನ್ನು ಮಕ್ಕಳು ಹೀಗೆ ಆಡಿಕೊಳ್ಳುವುದೆಂದರೇನು? ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರ್‌ಗಳ ಚಪ್ಪಲಿ ಸದ್ದಿಗೇ ನಾವು ಉಸಿರು ಹಿಡಿಯುತ್ತಿದ್ದೆವು. ಕೆಲವು ವಾರ ತಡೆದುಕೊಂಡು, ಒಂದು ಮಧ್ಯಾಹ್ನ ಡಬ್ಬಿಯಲ್ಲಿ ಶೇಂಗಾ ಉಂಡೆ ಹಾಕಿಕೊಂಡು, ಸಮಾಧಾನ ಹೇಳಲು ಗೋಡೆಯ ಆಚೆ ಹೋದೆ. ಅಕ್ಕೋರು ಬೇವಿನ ಮರದ ಕೆಳಗೆ ಕೂತು ರೊಟ್ಟಿ ಮುರಿಯುತ್ತಿದ್ದರು. ಮೊಣಕೈವರೆಗೂ ಸೀಮೆಸುಣ್ಣದ ಪುಡಿ.

"ಅಕ್ಕೋರ, ಹುಡುಗರ ಮಾತು ಮನಸಿಗೆ ಹಚ್ಕೋಬ್ಯಾಡ್ರಿ" ಎಂದೆ.

"ಯಾವ ಮಾತು ತಂಗಿ?"

"ಅದs ರೀ... ಹಲ್ಲು, ಹಲ್ಲು ಅಂತ ಅಂತಾವಲ್ಲ..."

ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಬಂತು ನೋಡಿ ನಗು. ಮರದ ಮೇಲಿನ ಕಾಗೆಗಳು ಎದ್ದು ಹೋದವು.

"ಯವ್ವಾ! ಧಾರವಾಡದಾಕಿ ಅಂತ ಮೊದಲ ಹೇಳಬಾರದೇನವ್ವ? ನಮ್ಮ ಕಡಿ ಉರ್ದು ಮಂದಿ ಸಾವಕಾಶ ಅನ್ನೂಕ ಹಲ್ಲು ಅಂತಾರ. ಹಲ್ಲು ಹಲ್ಲು ಚಲೋ ಅಂದ್ರ ಸಾವಕಾಶ ನಡೀರಿ ಅಂತ. ಓದೂದ್ರಾಗ ಯಾರರೆ ಅವಸರ ಮಾಡಿದ್ರ ಉಳದವ್ರು ಹಂಗ ಅನ್ಬೇಕು ಅಂತ ನಾನs ಕಲಿಸೀನಿ." ಉಂಡೆಯೊಂದನ್ನು ತೆಗೆದು, ಮುಂದಿನ ಹಲ್ಲಿಗೆ ಬೀಳದಂತೆ ಪಕ್ಕದಿಂದ ಕಡಿದರು. "ಖರೆ ಹೇಳ್ಬೇಕಂದ್ರ, ನನಗ ಹಲ್ಲು ಅಕ್ಕೋರು ಅಂತನೂ ಕರೀತಾವ. ಉರ್ದು ಮನೀವು ಸಾವಕಾಶಕ್ಕ ಕರೀತಾವ, ಕನ್ನಡ ಮನೀವು ಈ ಹಲ್ಲಿಗೆ ಕರೀತಾವ. ಯಾರು ಯಾಕ ಕರೀತಾರ ಅಂತ ನಾ ಕೇಳಾಕ ಹೋಗಿಲ್ಲ. ಎರಡೂ ಖರೇನ ಅದಾವಲ್ಲ!"

ಹೀಗೆ ಶುರುವಾಯಿತು ನಮ್ಮ ಸ್ನೇಹ. ಅವರಿಗೆ ನಾನು ಕೊನೆಯವರೆಗೂ "ತಂಗಿ". ನನಗೆ ಅವರು, ಊರಿಗೆಲ್ಲ ಇದ್ದಹಾಗೆ, "ಅಕ್ಕೋರು".

ಸಾವಕಾಶದ ಗುರು ಎಂದುಕೊಂಡು ಅವರ ನಡಿಗೆ ನೋಡಿದವರಿಗೆ ಮೋಸವಾಗುತ್ತಿತ್ತು. ರಾವೂರಿನಿಂದ ಬರುವ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಒಂದು ಕಾಲು ಕೆಳಗಿಟ್ಟಿರುತ್ತಿದ್ದರು. ಊಟ ಮುಗಿಸುವುದು ಮೂರು ತುತ್ತಿನಲ್ಲಿ. ಸೀರೆಯ ನೆರಿಗೆಗೆ ಒಂದೇ ಪಿನ್ನು, ಅದೂ ನಡೆಯುತ್ತ ಹಾಕಿಕೊಂಡದ್ದು. ಅವರ ಪರ್ಸಿನಲ್ಲಿ ಬಸ್ ಟಿಕೆಟುಗಳ ನಡುವೆ ಬುದ್ಧನ ಒಂದು ಪುಟ್ಟ ಪಟವಿತ್ತು. "ನಮ್ಮ ಮನ್ಯಾಗ ಶಾಂತ ಕುಂದ್ರಾಂವ ಅವನೊಬ್ಬನ ನೋಡ" ಎಂದು ತೋರಿಸಿದ್ದರು. ಬೇರೆಲ್ಲದರಲ್ಲೂ ಎಕ್ಸ್‌ಪ್ರೆಸ್ ಗಾಡಿಯಾದ ಅವರು ಮಕ್ಕಳು ಪುಸ್ತಕ ಹಿಡಿದ ಕೂಡಲೇ ಗೂಡ್ಸ್ ಗಾಡಿಯಾಗುತ್ತಿದ್ದರು. ಅದಕ್ಕೂ ಅವರಲ್ಲಿ ಒಂದು ಮಾತಿತ್ತು: "ಗೂಡ್ಸ್ ಗಾಡಿ ತಡಾ ಆಗ್ತದ, ಖರೆ. ಆದ್ರ ದೇಶದ ಸಿಮೆಂಟ್ ಹೊರೂದು ಅದs."

ಅವರ ತರಗತಿಯನ್ನು ನೋಡಿದರೆ ನನಗೆ ವಾಡಿ ಜಂಕ್ಷನ್ನಿನ ವೇಟಿಂಗ್ ರೂಮು ನೆನಪಾಗುತ್ತಿತ್ತು. ಸುತ್ತಲಿನ ಹೊಲದ ಕನ್ನಡದ ಮಕ್ಕಳು, ಕಲ್ಲಿಗೆ ಪಾಲಿಶ್ ಹಿಡಿಯುವವರ ಮನೆಯ ಉರ್ದು ಮಕ್ಕಳು, ಸೇಡಮ್ಮಿನ ಆಚೆಯಿಂದ ಸಿಮೆಂಟಿನ ಕೆಲಸಕ್ಕೆ ಬಂದ ತೆಲುಗಿನವರ ಮಕ್ಕಳು, ಸೊಲ್ಲಾಪುರದ ಕಡೆಯ ಮರಾಠಿಯವರು, ತಾಂಡಾದ ಲಂಬಾಣಿ ಮಕ್ಕಳು, ಇವರ ಜೊತೆಗೆ ಹಳಿ ಕೆಲಸಕ್ಕೆಂದು ಬಿಹಾರದಿಂದ ಬಂದವರು. ನನ್ನ ಕಾನ್ವೆಂಟಿನಲ್ಲಿ ನಮಗೆಲ್ಲ ಒಂದೇ ಬಗೆಯ ಬೂಟು, ಹೆಚ್ಚುಕಡಿಮೆ ಒಂದೇ ಬಗೆಯ ಅಪ್ಪಂದಿರು, ಆಡಲು ಒಂದೇ ಭಾಷೆ. ಇಲ್ಲಿ ಅಕ್ಕೋರು ಹಾಜರಿ ಕೂಗಿದರೆ ಮಕ್ಕಳು ತಮ್ಮ ತಮ್ಮ ಮನೆಯ ಮಾತಿನಲ್ಲಿ ಓಗೊಡಬೇಕು. "ಬಂದೀನ್ರಿ", "ಹಾಜಿರ್", "ಉನ್ನಾನು", "ಆಹೆ", "ಹಾಂ ಜೀ". ಒಬ್ಬಳು ಮಾತ್ರ ಎದ್ದು ನಿಂತು, ಏನೂ ಹೇಳದೆ, ಮತ್ತೆ ಕೂರುತ್ತಿದ್ದಳು. ತಾಂಡಾದ ಸೋನಿ. ಹಿಂದೆ ಎಲ್ಲೋ ಅವಳ ಮಾತಿಗೆ ಮಕ್ಕಳು ನಕ್ಕಿದ್ದರಂತೆ, ಅಂದಿನಿಂದ ಬಾಯಿ ಕಟ್ಟಿತ್ತು. ಅಕ್ಕೋರು ಒತ್ತಾಯ ಮಾಡಲಿಲ್ಲ. "ನಿಂತು ತೋರ್ಸಿದ್ಲಲ್ಲ, ಅದೂ ಒಂದು ಮಾತs" ಎಂದು ಮುಂದಿನ ಹೆಸರಿಗೆ ಹೋಗುತ್ತಿದ್ದರು.

ಒಂದು ಬೆಂಚಿನಲ್ಲಿ ಒಂದೇ ಭಾಷೆಯ ಇಬ್ಬರು ಕೂರುವಂತಿರಲಿಲ್ಲ. ಒಬ್ಬರಿಗೆ ತಿಳಿಯದ್ದನ್ನು ಇನ್ನೊಬ್ಬರು ತಿರುಗಿಸಿ ಹೇಳಬೇಕು. ಇದರಿಂದ ಗದ್ದಲ ಕಡಿಮೆಯೇನೂ ಆಗುತ್ತಿರಲಿಲ್ಲ. ಒಮ್ಮೆ ಲೆಕ್ಕದ ಪರೀಕ್ಷೆಯಲ್ಲಿ, ಹನ್ನೆರಡು ರೊಟ್ಟಿಯಲ್ಲಿ ಮೂರನೇ ಒಂದು ಪಾಲು ಎಷ್ಟು ಎಂದು ಕೇಳಿದ್ದರು. ತೆಲುಗಿನಲ್ಲಿ ಪಾಲು ಎಂದರೆ ಹಾಲು. ತೆಲುಗು ಹುಡುಗನೊಬ್ಬ ಗುಂಡಗಿನ ಅಕ್ಷರದಲ್ಲಿ ಬರೆದಿದ್ದ: "ರೊಟ್ಟಿಯಲ್ಲಿ ಹಾಲು ಇರುವುದಿಲ್ಲ." ಅಕ್ಕೋರು ಆ ಹಾಳೆಯನ್ನು ಗೋಡೆಯ ಮೇಲಿಂದಲೇ ನನಗೆ ತೋರಿಸಿ, "ಲೆಕ್ಕ ತಪ್ಪು ಮಾಡ್ಯಾನ. ಖರೆ ಹೇಳಿದ್ದು ಸುಳ್ಳೇನು?" ಎಂದು ಕಣ್ಣೊರೆಸಿಕೊಳ್ಳುತ್ತ ನಕ್ಕರು. ಇಂಥ ಶಬ್ದಗಳಿಗೆ ಅವರು ಇಟ್ಟ ಹೆಸರು "ಮಾರಿ ಒಂದ, ಮನಿ ಬ್ಯಾರೆ". ಅವಳಿ ಮಕ್ಕಳ ಹಾಗೆ ಕಾಣುತ್ತವೆ, ಇರುವುದು ಬೇರೆ ಬೇರೆ ಮನೆಯಲ್ಲಿ.

ಆ ಪಟ್ಟಿಗೆ ನನ್ನ ಪಕ್ಕದ ಕ್ವಾರ್ಟರ್ಸಿನವಳೂ ಒಂದು ಶಬ್ದ ಸೇರಿಸಿದಳು. ಬಿಹಾರದ ಹೆಂಗಸು, ಮಗ ರಾಜು ಆರನೇ ತರಗತಿಗೆ ಆಗತಾನೆ ಸೇರಿದ್ದ. ಒಂದು ಬೆಳಿಗ್ಗೆ ಕೈಯಲ್ಲಿ ಲಟ್ಟಣಿಗೆ ಹಿಡಿದೇ ನನ್ನ ಬಾಗಿಲಿಗೆ ಬಂದಳು.

"ಬಹನ್‌ಜೀ, ಯೇ ಸಾಲೀ ಕೌನ್ ಹೈ?"

ಈ ಸಾಲೀ ಯಾರು ಎಂದು! ಹಿಂದಿಯಲ್ಲಿ ಸಾಲೀ ಎಂದರೆ ಹೆಂಡತಿಯ ತಂಗಿ. ಬೈಗುಳವೂ ಹೌದು. ಹನ್ನೊಂದರ ಹರೆಯದ ಮಗ ದಿನಾ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು "ಸಾಲೀ ಜಾ ರಹಾ ಹೂಂ" ಎಂದು ಹೊರಡುತ್ತಾನೆ, ಭಾನುವಾರ ಬಂದರೆ ಸಾಲೀ ಇಲ್ಲವೆಂದು ಬೇಸರ ಮಾಡುತ್ತಾನೆ ಎಂದರೆ ತಾಯಿಯ ಗತಿಯೇನು? ಈ ಕಡೆ ಶಾಲೆಗೆ ಸಾಲಿ ಎನ್ನುತ್ತಾರೆ ಎಂದು ನನ್ನ ಅರೆಬರೆ ಹಿಂದಿಯಲ್ಲಿ ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಕೊನೆಗೆ ಅಕ್ಕೋರ ಬಳಿ ಕರೆದುಕೊಂಡು ಹೋದೆ. ಅಕ್ಕೋರು ಗಂಭೀರವಾಗಿ ಎಲ್ಲ ಕೇಳಿಸಿಕೊಂಡು, ಅವಳ ಕೈ ಹಿಡಿದು ಅಂಗಳದ ನಡುವೆ ನಿಲ್ಲಿಸಿ, ಸುಣ್ಣ ಉದುರುವ ಆ ಕಟ್ಟಡದ ಕಡೆಗೆ ನೀಲಿ ಕೊಡೆ ಚಾಚಿದರು.

"ಯೇಚ್ ಹೈ ವೋ ಸಾಲಿ. ದೇಖೋ! ಜರಾ ಉಮರ್ ಜ್ಯಾದಾ ಹೈ, ಮಗರ್ ದಿಲ್ ಅಚ್ಛಾ ಹೈ."

ಸ್ವಲ್ಪ ವಯಸ್ಸಾಗಿದೆ, ಮನಸ್ಸು ಒಳ್ಳೆಯದು! ಆ ಹೆಂಗಸು ಲಟ್ಟಣಿಗೆಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮುಂದೆ ಶಾಲೆಯ ಯಾವ ಸಭೆಯಿದ್ದರೂ ಎಲ್ಲರಿಗಿಂತ ಮುಂಚೆ ಅವಳದೇ ಹಾಜರಿ.

ಮಕ್ಕಳಿಗೆ ಅಕ್ಕೋರು ಒತ್ತಕ್ಷರ ಕಲಿಸುತ್ತಿದ್ದ ರೀತಿಯನ್ನೂ ಹೇಳಬೇಕು. ಬೇರೆ ಭಾಷೆಯ ಮನೆಗಳಿಂದ ಬಂದ ಮಕ್ಕಳಿಗೆ ಕನ್ನಡದಲ್ಲಿ ಕಾಲು ತೊಡರುವುದು ಅಲ್ಲೇ. ಒಂದು ಅಕ್ಷರದ ಕೆಳಗೆ ಇನ್ನೊಂದು, ಅದರ ಪಕ್ಕ ಮತ್ತೊಂದು ಜೋತುಬಿದ್ದರೆ ದೊಡ್ಡವರೂ ತಡವರಿಸುತ್ತಾರೆ. ಅಕ್ಕೋರು ಅದನ್ನು ಜೋಡಿಸಿದ ಡಬ್ಬಿ ಎನ್ನುತ್ತಿದ್ದರು. ಮೇಲಿನದು ಇಂಜಿನ್, ಕೆಳಗಿನವು ಅದಕ್ಕೆ ಕೊಂಡಿ ಹಾಕಿದ ಡಬ್ಬಿಗಳು. "ಮೊದಲ ಒಂದೊಂದ ಡಬ್ಬಿ ಬಿಡಿಸಿ ನೋಡ್ರಿ. ಆಮ್ಯಾಲ ಕೊಂಡಿ ಹಾಕ್ರಿ. ಆಮ್ಯಾಲ ಸೀಟಿ ಹೊಡೀರಿ, ಗಾಡಿ ಹೊಂಡ್ತದ." ವಾಡಿಯ ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ವ್ಯಾಕರಣ ಬೇಕಿರಲಿಲ್ಲ. ಹುಟ್ಟಿದಾಗಿನಿಂದ ನೋಡುತ್ತ ಬಂದದ್ದು ಡಬ್ಬಿ ಬಿಡಿಸಿ ಜೋಡಿಸುವ ಶಂಟಿಂಗನ್ನೇ.

ನನ್ನನ್ನೂ ಅವರು ಬಿಡಲಿಲ್ಲ. "ಕಾನ್ವೆಂಟಿನ ಇಂಗ್ಲಿಷು ಒಲಿ ಮುಂದ ಕುಂತು ಹೊಗಿ ಹಿಡ್ಯಾಕತ್ತದ, ಶನಿವಾರ ತಂದು ಇಲ್ಲಿ ಒಣಹಾಕು" ಎಂದರು. ಹೀಗೆ ಶನಿವಾರ ಬೆಳಿಗ್ಗೆ ನಾನು ಏಳನೆಯವರಿಗೆ ಇಂಗ್ಲಿಷ್ ಕತೆ ಓದಿ ಹೇಳತೊಡಗಿದೆ. ಸೋನಿಯನ್ನು ಹತ್ತಿರದಿಂದ ಕಂಡದ್ದು ಆಗಲೇ. ಎರಡು ಜಡೆ, ಒಂದಕ್ಕೆ ಕೆಂಪು ರಿಬ್ಬನ್ನು, ಇನ್ನೊಂದಕ್ಕೆ ಬರೀ ದಾರ. ತಾಯಿ ರಾವೂರಿನ ಗಣಿಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಹೊರುವ ಕೆಲಸದವಳು. ಈ ಹುಡುಗಿ ಆಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಓಡಿದಾಗ, ಮೆಲ್ಲನೆ ಪಕ್ಕದ ಎಂಟನೇ ತರಗತಿಗೆ ಹೋಗಿ, ಕಿಟಕಿ ಬಳಿಯ ಬೆಂಚಿನಲ್ಲಿ ಒಬ್ಬಳೇ ಕೂತು ಬರುತ್ತಿದ್ದಳು. ಒಂದು ದಿನ ಎದ್ದು ಬರುವಾಗ ತನ್ನ ರಿಬ್ಬನ್ನನ್ನು ಬಿಚ್ಚಿ ಆ ಬೆಂಚಿನ ಮೇಲೆ ಇಟ್ಟು ಬಂದಳು. ನಮ್ಮ ಕಡೆ ಬಸ್ಸು ನಿಂತ ಕೂಡಲೇ ಕಿಟಕಿಯಿಂದ ಟವೆಲೋ ಕರವಸ್ತ್ರವೋ ಒಳಗೆಸೆದು ಸೀಟು ಹಿಡಿಯುವುದಿಲ್ಲವೇ, ಹಾಗೆ.

ಬಾಗಿಲಲ್ಲಿದ್ದ ಅಕ್ಕೋರು ಕೇಳಿದರು: "ಏನs ಪೋರಿ, ಈಗಿಂದನ ಸೀಟ್ ಹಿಡ್ಯಾಕತ್ತೀಯೇನು?"

ಸೋನಿ ತಲೆ ತಗ್ಗಿಸಿ, ಹೌದೆಂದು ಗೋಣು ಆಡಿಸಿದಳು.

ಆ ಸೀಟಿಗೇ ಕುತ್ತು ಬಂತು. ತಾಲೂಕಿನ ಶಾಲೆಗಳ ಓದಿನ ಪರೀಕ್ಷೆಯಲ್ಲಿ ನಮ್ಮದನ್ನು ಹುಡುಕಬೇಕೆಂದರೆ ಕೆಳಗಿನಿಂದ ನೋಡಬೇಕಿತ್ತು. ಹೀಗೇ ಆದರೆ ಈ ಶಾಲೆಯನ್ನು ಏಳನೆಗೇ ನಿಲ್ಲಿಸಿ, ಎಂಟನೆಯ ಮಕ್ಕಳನ್ನು ಹಳಿಯ ಆಚೆಯ ದೊಡ್ಡ ಶಾಲೆಗೆ ಕಳಿಸುವುದೆಂದು ಮಾತು ಬಂತು. ಮತ್ತೊಮ್ಮೆ ಬಂದು ಮಕ್ಕಳ ಓದು ನೋಡಿ ಶಿಕ್ಷಣ ಇಲಾಖೆಯ ಸಾಹೇಬರು ತೀರ್ಮಾನ ಮಾಡುತ್ತಾರಂತೆ. ಕಾಗದದ ಮೇಲೆ ಹಳಿಯ ಆಚೆ ಎಂದರೆ ಒಂದು ಗೆರೆಯಷ್ಟು ದೂರ. ವಾಡಿಯಲ್ಲಿರುವವರಿಗೆ ಗೊತ್ತು, ಸಾಲು ಸಾಲು ಗೂಡ್ಸ್ ನಿಂತಾಗ ಮಕ್ಕಳು ಡಬ್ಬಿಗಳ ಅಡಿಯಲ್ಲಿ ನುಸುಳುತ್ತಾರೆ. ಸೋನಿಯ ತಾಯಿ ತಲೆಯ ಸಿಂಬಿ ಕೂಡ ತೆಗೆಯದೆ ಬಂದು ಹೇಳಿಹೋದಳು: "ಅಕ್ಕೋರ, ಲೈನ್ ದಾಟಿ ಹೆಣ್ಣ ಪೋರಿನ್ನ ಕಳ್ಸಂಗಿಲ್ರಿ. ಇಲ್ಲಿ ಇದ್ರ ಓದ್ಲಿ. ಇಲ್ಲಂದ್ರ ಏಳನೇತ್ತೆ ಸಾಕು, ನನ್ನ ಕೂಡ ಕಲ್ಲಿಗಿ ಬರ್ತಾಳ." ಹಾಗೆ ಹೇಳಿಹೋದ ತಾಯಿ ಅವಳೊಬ್ಬಳೇ ಅಲ್ಲ.

ಅಂದು ಅಕ್ಕೋರು ಮೂರು ತುತ್ತಿನ ಊಟವನ್ನೂ ಪೂರ್ತಿ ಮಾಡಲಿಲ್ಲ. ಉಳಿದ ರೊಟ್ಟಿಯನ್ನು ಕಾಗೆಗಳಿಗೆ ಹಾಕುತ್ತ, "ನನಗ ಹಲ್ಲು ಅದಾವ ತಂಗಿ, ಕಡಿಯೂಕ ಬರಂಗಿಲ್ಲ" ಎಂದರು. ಅವರು ನಗದೆ ಹಲ್ಲಿನ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸಾಹೇಬರು ಬಂದರು. ಮೈಸೂರು ಕಡೆಯವರು, ವರ್ಗವಾಗಿ ಈ ಕಡೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಇಸ್ತ್ರಿ ಹಾಕಿದ ಅಂಗಿ, ಮೆತ್ತಗಿನ ಮಾತು. ಆದರೆ ಮಾತಾಡುವಾಗೆಲ್ಲ ಕರವಸ್ತ್ರ ಬಾಯಿಗೆ ಅಡ್ಡ. ಗಾಳಿಗೆ ಒಮ್ಮೆ ಅದು ಸರಿದಾಗ ಕಂಡೆ: ಮುಂದಿನ ಒಂದು ಹಲ್ಲು ಇರಲಿಲ್ಲ. ಈಚೆಗಷ್ಟೇ ಕೀಳಿಸಿದ್ದರೆಂದು ಕಾಣುತ್ತದೆ, ತುಟಿ ಇನ್ನೂ ಊದಿತ್ತು. ಪಾಪ, ಅಂಥ ಸಣ್ಣದು ನನ್ನ ಕಣ್ಣಿಗೇ ಏಕೆ ಬೀಳಬೇಕೋ.

"ಟೀಚರ್‌ಗಳೆಲ್ಲ ಸ್ವಲ್ಪ ಆಚೆ ಇರಿ. ಸ್ಕೂಲಿನವರಲ್ಲದ ಒಬ್ಬರು ಯಾರಾದರೂ ಒಳಗಿರಲಿ" ಎಂದರು. ಶನಿವಾರದ ಕತೆಗೆ ಬಂದಿದ್ದ ನನ್ನನ್ನೇ ಕೂರಿಸಿದರು. ಅಕ್ಕೋರು ನೀಲಿ ಕೊಡೆಯನ್ನು ನನ್ನ ಮಡಿಲಿಗೆ ಕೊಟ್ಟು ಹೊರಗೆ ಹೋದರು. ಬಾಗಿಲು ಮುಚ್ಚಿಕೊಂಡಿತು.

ಸಾಹೇಬರು ಮೊಬೈಲಿನಲ್ಲಿ ಗಡಿಯಾರ ಹಚ್ಚಿ ಮೇಜಿನ ಮೇಲಿಟ್ಟರು. ಒಬ್ಬೊಬ್ಬರೇ ಬಂದು ನಿಂತು ಓದಬೇಕು, ಗಡಿಯಾರ ಕೂಗುವುದರೊಳಗೆ ಮುಗಿಸಬೇಕು. ಮೊದಲನೆಯ ಹುಡುಗ ಗಡಿಯಾರ ನೋಡಿ ಓಡಿದ, ಅರ್ಧ ಶಬ್ದಗಳನ್ನು ನುಂಗಿದ. ಎರಡನೆಯವನೂ ಹಾಗೇ. ಸಾಹೇಬರ ಪೆನ್ನು ಏನೋ ಬರೆಯುತ್ತಿತ್ತು. ಮೂರನೆಯದಾಗಿ ಅವರು ಬೊಟ್ಟು ಮಾಡಿದ್ದು ಸೋನಿಗೆ.

ನವಿಲಿನ ಪಾಠ. "ನವಿಲು ನಮ್ಮ..." ಎಂದಳು. ನಿಂತಳು. ಮುಂದಿನ ಶಬ್ದ ರಾಷ್ಟ್ರಪಕ್ಷಿ. ಇಂಜಿನ್ನು, ಎರಡು ಡಬ್ಬಿ, ಅದು ದಾಟಿದರೆ ಮುಂದೆ ಇನ್ನೊಂದು ಜೋಡಿ. "ರಾ... ರಾಸ..." ಮೊಬೈಲಿನಲ್ಲಿ ಅಂಕಿಗಳು ಓಡುತ್ತಿದ್ದವು. ಅವಳ ಕಣ್ಣು ಪುಸ್ತಕ ಬಿಟ್ಟು ಆ ಅಂಕಿಗಳ ಮೇಲೆ ನಿಂತಿತು. ತುಟಿ ಮುಚ್ಚಿಕೊಂಡಿತು. ಹಾಜರಿ ಕೂಗಿದಾಗಿನ ಹಾಗೆ ಸುಮ್ಮನೆ ಕೂತುಬಿಡುತ್ತಾಳೆ ಎಂದೇ ನಾನು ತಿಳಿದೆ.

ಆಗ ಹಿಂದಿನ ಬೆಂಚಿನಿಂದ ಪಿಸುಮಾತು ಬಂತು. "ಹಲ್ಲು." ಇನ್ನೊಂದು ಬೆಂಚಿನಿಂದ, "ಹಲ್ಲು, ಹಲ್ಲು." ಕನ್ನಡದವರು, ತೆಲುಗಿನವರು, ಬಿಹಾರದವರು, ಎಲ್ಲರೂ ಕೂಡಿ: "ಹಲ್ಲು ಹಲ್ಲು! ಹಲ್ಲು ಹಲ್ಲು!"

ಸಾಹೇಬರ ಕರವಸ್ತ್ರ ತಟ್ಟನೆ ಬಾಯಿಗೆ ಹೋಯಿತು. ಕಿವಿ ಕೆಂಪಾದವು.

"ಏನ್ರೋ ಅದು? ದೊಡ್ಡೋರನ್ನ ಹೀಗೇನಾ ಆಡ್ಕೊಳ್ಳೋದು? ಇದೇನಾ ನಿಮ್ಮ ಟೀಚರ್ ಕಲಿಸಿರೋದು?"

ಮಕ್ಕಳು ಕಕ್ಕಾಬಿಕ್ಕಿ. ಟೀಚರ್ ಕಲಿಸಿದ್ದು ಅದನ್ನೇ ಅಲ್ಲವೇ! ಒಬ್ಬ ಎದ್ದು ನಿಂತು ಹೆಮ್ಮೆಯಿಂದ ಹೇಳಿಯೂ ಬಿಟ್ಟ: "ಹೌದ್ರಿ ಸರ್, ಅಕ್ಕೋರs ಕಲಿಸ್ಯಾರ್ರಿ."

ಸಾಹೇಬರು ಕಾಗದ ಮಡಚಿದರು. ಪೆನ್ನಿಗೆ ಟೋಪಿ ಹಾಕಿದರು. ಅಧಿಕಾರಿಗಳ ಎದುರು ಬಾಯಿಬಿಟ್ಟು ಅಭ್ಯಾಸವಿಲ್ಲದ ನಾನು ಎದ್ದು ನಿಂತದ್ದು ನನಗೇ ತಿಳಿಯಲಿಲ್ಲ. ಮಡಿಲಿನ ಕೊಡೆ ಕೆಳಗೆ ಬಿದ್ದ ಸದ್ದಿಗೆ ತಿಳಿಯಿತು.

"ಸರ್" ಎಂದೆ, "ಹಲ್ಲು ಅಂದ್ರ ಹಲ್ಲಲ್ರಿ."

"ಏನ್ರೀ?"

"ನಾನೂ ಹಲ್ಲು ಅಂತನs ತಿಳಕೊಂಡಿದ್ದೆ ಸರ್. ಖರೆ ಹಲ್ಲಿಗೆ ಹಲ್ಲು ಅನ್ನಲಿಕತ್ತಿಲ್ರಿ. ಹಲ್ಲಂದ್ರ ಸಾವಕಾಶ..." ಹೇಳಿದಷ್ಟೂ ಸಿಕ್ಕಾಗುತ್ತಿತ್ತು. ಕಡೆಗೆ ಕಾನ್ವೆಂಟಿನ ಹುಡುಗಿಯಂತೆ ಕೈಕಟ್ಟಿ ನಿಂತು, ಉರ್ದು, ಧಾರವಾಡ, ಶೇಂಗಾ ಉಂಡೆ, ಬೇವಿನ ಮರದ ಕಾಗೆ ಎಲ್ಲವನ್ನೂ ಮೊದಲಿನಿಂದ ಒದರಿದೆ.

ಸಾಹೇಬರ ಕರವಸ್ತ್ರದ ಹಿಂದೆ ಏನೋ ಅಲುಗಾಡಿತು. ಆಮೇಲೆ ಅವರ ಹೊಟ್ಟೆ ಅಲುಗಾಡಿತು. ಕರವಸ್ತ್ರ ಮಡಿಲಿಗೆ ಬಿತ್ತು. ಹಲ್ಲಿಲ್ಲದ ಜಾಗ ತೋರಿಸಿಕೊಂಡೇ ಅವರು ನಗುತ್ತಿದ್ದರು. ಏನು ಎತ್ತ ತಿಳಿಯದಿದ್ದರೂ ಮಕ್ಕಳೂ ನಕ್ಕರು.

"ಸರಿ ಕಣಮ್ಮ" ಎಂದರು ಸೋನಿಗೆ. ಮೊಬೈಲನ್ನು ಬೋರಲಾಗಿ ಇಟ್ಟರು. "ಓದು. ಅದೇನು, ಹಲ್ಲು ಹಲ್ಲು ಓದು."

ಸೋನಿ ಬೆರಳನ್ನು ಶಬ್ದದ ಕೆಳಗಿಟ್ಟಳು. "ರಾ... ಷ್... ಟ್... ರ." ಒಂದೊಂದೇ ಡಬ್ಬಿ. ನಿಂತಳು. ಕೊಂಡಿ ಹಾಕಿದಳು. "ರಾಷ್ಟ್ರ... ಪ... ಕ್ಷಿ. ರಾಷ್ಟ್ರಪಕ್ಷಿ." ಹಿಂದಿನ ಬೆಂಚಿನ ತುಂಟನೊಬ್ಬ ಮೆಲ್ಲಗೆ ಸೀಟಿ ಹೊಡೆದ. ಅಲ್ಲಿಂದ ಮುಂದೆ ಅವಳು ಪಾಠದ ಕೊನೆಯವರೆಗೂ ನಿಲ್ಲಲಿಲ್ಲ. ನವಿಲು ಏನು ತಿನ್ನುತ್ತದೆ ಎಂದು ಸಾಹೇಬರು ಕೇಳಿದ್ದಕ್ಕೆ ಪುಸ್ತಕದಲ್ಲಿದ್ದ ಹಾವು ಹುಳವನ್ನೆಲ್ಲ ಹೇಳಿ, "ನಮ್ಮ ತಾಂಡಾದ ಕಡಿ ತೊಗರಿನೂ ತಿಂತದ್ರಿ" ಎಂದು ತನ್ನದನ್ನೂ ಸೇರಿಸಿದಳು. ಮೊದಲಿನ ಇಬ್ಬರು ಹುಡುಗರನ್ನು ಸಾಹೇಬರು ಮತ್ತೆ ಕರೆದು ಓದಿಸಿದರು. ಯಾವ ಶಬ್ದವೂ ಈ ಸಲ ಹೊಟ್ಟೆಗೆ ಹೋಗಲಿಲ್ಲ.

ಬಾಗಿಲು ತೆರೆದಾಗ ಅಕ್ಕೋರು ಅಂಬಲಿಯ ಲೋಟ ಹಿಡಿದು ನಿಂತಿದ್ದರು. ಸಾಹೇಬರ ತುಟಿಯನ್ನು ಬಂದಾಗಲೇ ಅವರೂ ಗಮನಿಸಿದ್ದರು. "ಕುಂದ್ರಿ ಸರ್. ಕಡಿಯೂದು ಬ್ಯಾಡ, ಅಂಬಲಿ ಕುಡೀರಿ."

ಸಾಹೇಬರು ಕುಡಿಯುತ್ತ ಕೇಳಿದರು, "ಮಕ್ಕಳು ಚೆನ್ನಾಗಿಯೇ ಓದ್ತಾರಲ್ಲ ಮೇಡಂ. ಮತ್ತೆ ಪ್ರತಿಸಲ ಯಾಕೆ ಹಿಂದೆ ಬೀಳ್ತೀರಿ?"

"ಸರ್, ನಮ್ಮ ಕಡಿ ಒಂದs ಹೊಲದಾಗ ಹೆಸರು, ಜ್ವಾಳ, ತೊಗರಿ ಕೂಡೇ ಬಿತ್ತತಾರ. ಹೆಸರು ಲಗೂನ ಕೈಗೆ ಬರ್ತದ. ಜ್ವಾಳ ಆಮ್ಯಾಲ. ತೊಗರಿ ಎಲ್ಲಾಕಿಂತ ಕಡೀಕ. ಹೆಸರು ಬಿಡ್ಸೋ ದಿನ ಬಂದು ಹೊಲಾ ನೋಡಿ, ತೊಗರಿ ಫೇಲ್ ಅಂತ ಬರದು ಹೋದ್ರ ಹ್ಯಾಂಗ್ರಿ? ಈ ಪೋರ್ಗೋಳ ಮನ್ಯಾಗ ಆರು ಮಾತು ಅದಾವ. ಒಂದು ಮಾತಿನ ಮನಿ ಹುಡುಗ್ರ ಕೂಡ ಇವಕ್ಕ ಓಟ ಹಚ್ಚಬ್ಯಾಡ್ರಿ. ಹ್ವಾದ ವರ್ಷ ಇವೇ ಎಲ್ಲಿದ್ವು, ಈ ವರ್ಷ ಎಲ್ಲಿಗಿ ಬಂದಾವ, ಅದನ್ನ ನೋಡ್ರಿ."

ಸಾಹೇಬರು ಲೋಟ ಬರಿದು ಮಾಡಿದರು. ಹೊರಡುವಾಗ ಬಾಗಿಲಲ್ಲಿ ತಿರುಗಿ, "ಇನ್ನೊಂದು ಲೋಟ ಇದೆಯಾ?" ಎಂದರು.

ಎಂಟನೆಯ ತರಗತಿ ಉಳಿಯಿತು. ಸದ್ಯಕ್ಕೆ ಇರಲಿ, ಮುಂದೆ ನೋಡೋಣ ಎಂದು ಬರೆದಿದ್ದರಂತೆ. ಆ ಮುಂದೆ ಇನ್ನೂ ಬಂದಿಲ್ಲ. ನಮ್ಮ ಶಾಲೆ ತಾಲೂಕಿಗೇನೂ ಮೊದಲಾಗಲಿಲ್ಲ. ಆದರೆ ಹುಡುಕಲು ಈಗ ಕೆಳಗಿನಿಂದ ಶುರುಮಾಡಿದರೆ ತಡವಾಗುತ್ತದೆ, ನಡುವಿನಿಂದ ಶುರುಮಾಡಬೇಕು. ಜೂನ್ ತಿಂಗಳಲ್ಲಿ ಸೋನಿ ಕಿಟಕಿ ಬಳಿಯ ಬೆಂಚಿಗೆ ಹೋಗಿ ಕೂತಳು. ಅಲ್ಲಿಯೂ ಹಾಜರಿ ಕೂಗಿದ್ದು ಅಕ್ಕೋರೇ. ಅವಳು ಎದ್ದು ನಿಂತು, ತನ್ನ ಮನೆಯ ಮಾತಿನಲ್ಲಿ ಏನೋ ಅಂದಳು. ನನ್ನ ಕಿಟಕಿಗೆ ಅದು ಸರಿಯಾಗಿ ಕೇಳಿಸಲಿಲ್ಲ. ಕೇಳಿಸಿದ್ದು ಅಕ್ಕೋರ ದನಿ: "ಅವ್ವಾ, ಇನ್ನೊಮ್ಮೆ ಅನ್ನು. ನಾನೂ ಕಲೀತೀನಿ."

ಅಕ್ಕೋರು ನಿವೃತ್ತರಾಗಿ ಸೇಡಮ್ಮಿನ ಮಗಳ ಮನೆಗೆ ಹೋದ ಮೇಲೆ ಭೇಟಿ ಕಡಿಮೆಯಾಯಿತು. ಕೊನೆಯ ಸಲ ನೋಡಿದ್ದು ವಾಡಿ ಸ್ಟೇಷನ್ನಿನಲ್ಲಿ. ನಮ್ಮವರಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ಬೆಂಚಿನ ಮೇಲೆ ಕೂತ ವಯಸ್ಸಾದ ಹೆಂಗಸೊಬ್ಬರು ನನ್ನನ್ನು ನೋಡಿ ಕೈಬೀಸಿದರು. ಯಾರೆಂದು ತಿಳಿಯಲಿಲ್ಲ. ಅವರ ಪಕ್ಕ ನೀಲಿ ಕೊಡೆ ಕಂಡಮೇಲೆ ಓಡಿದೆ. ಆ ಎರಡು ಹಲ್ಲುಗಳಿರಲಿಲ್ಲ. ಅವುಗಳ ಜಾಗದಲ್ಲಿ ಸಣ್ಣ, ಬೆಳ್ಳನೆಯ, ಸಾಲಾಗಿ ನಿಂತ ಹೊಸ ಹಲ್ಲುಗಳು. ನಮ್ಮ ಕಾನ್ವೆಂಟಿನ ಪ್ರಾರ್ಥನೆಯ ಸಾಲಿನ ಹಾಗೆ.

"ಗುರ್ತು ಹಿಡೀಲಿಲ್ಲ ಹೌದಿಲ್ಲೋ?" ಎಂದು ನಕ್ಕರು. ನಗುವಾಗ, ನಾನು ಕಂಡಂತೆ ಮೊಟ್ಟಮೊದಲ ಸಲ, ಅವರ ಕೈ ಬಾಯಿಗೆ ಅಡ್ಡ ಬಂತು. ನನ್ನ ಮನಸ್ಸು ಚುರುಕ್ಕೆಂದಿತು. ಅವರಿಗೆ ತಿಳಿಯಿತು. "ನಾಚಿಕಿ ಅಲ್ಲ ತಂಗಿ. ಡಾಕ್ಟರು ಹೊಸಾದು ಹಾಕ್ಯಾನ, ಜೋರ ನಕ್ರ ಹೊರಗ ಜಿಗೀತದ. ಮೊನ್ನಿ ಬೀಗರ ಮುಂದನ ಜಿಗೀತು."

ಇಬ್ಬರೂ ನಕ್ಕೆವು. ಅವರು ಬಾಯಿ ಹಿಡಿದುಕೊಂಡು, ನಾನು ಹೊಟ್ಟೆ ಹಿಡಿದುಕೊಂಡು. ಸೋನಿ ಚಿತ್ತಾಪುರದ ಕಾಲೇಜಿಗೆ ಹೋಗುತ್ತಿದ್ದಾಳೆ ಎಂದೆ. ಅವರಿಗೆ ಆಗಲೇ ಗೊತ್ತಿತ್ತು. "ಫೋನ್ ಮಾಡ್ತಾಳ. ಮಾತು ಈಗ ಭಾಳ ಲಗೂ ಆಡ್ತಾಳ, ನನಗs ತಿಳ್ಯಂಗಿಲ್ಲ. ಹಲ್ಲು ಹಲ್ಲು ಅಂತ ನಾನs ಅಂತೀನಿ."

ಸೇಡಮ್ಮಿನ ಗಾಡಿ ಬಂತು. ಎಂಥ ನೂಕುನುಗ್ಗಲು! ನಾನು ಸೊಂಟದ ಕರವಸ್ತ್ರ ತೆಗೆದು ಕಿಟಕಿಯೊಳಗಿನ ಸೀಟಿಗೆ ಎಸೆದೆ. ಅಕ್ಕೋರು ಮೊದಲಿನ ಅವಸರದಲ್ಲೇ ಹತ್ತಿ ಹೋಗಿ ಅದರ ಮೇಲೆ ಕೂತರು, ಕಿಟಕಿಯ ಸರಳಿಗೆ ಮುಖ ತಂದರು.

"ಅಕ್ಕೋರ, ಆ ಹಳೇ ಹಲ್ಲು ಚಂದಿದ್ವು ನೋಡ್ರಿ" ಎಂದೆ. ಹೇಳಬಾರದಿತ್ತೇನೋ, ಬಾಯಿಗೆ ಬಂತು.

ಅವರು ಈ ಸಲ ಕೈ ಅಡ್ಡ ತರಲಿಲ್ಲ. ಹೊಸ ಹಲ್ಲು ಜಿಗಿದರೆ ಜಿಗಿಯಲಿ ಎನ್ನುವಂತೆ ಪೂರ್ತಿ ನಕ್ಕರು.

"ಹಲ್ಲು ಹ್ವಾದ್ವು ತಂಗಿ. ಹಲ್ಲು ಉಳದದ."

ಪಕ್ಕದಲ್ಲಿ ಕೂತಿದ್ದ ಯಾರೋ ಅರ್ಥವಾಗದೆ ಅವರ ಬಾಯಿಯನ್ನೇ ನೋಡುತ್ತಿದ್ದರು. ಸೀಟಿಯಾಯಿತು. ಕೊಂಡಿಗಳು ಒಂದೊಂದಾಗಿ ಎಳೆದುಕೊಂಡವು. ಕಿಟಕಿಯಲ್ಲಿ ನನ್ನ ಕರವಸ್ತ್ರ ಆಡುತ್ತಿತ್ತು. ಗಾಡಿ ಹಲ್ಲು ಹಲ್ಲು ಹೊರಟಿತು.